ಮಿಣುಕುವ ಬ್ರೇಕ್ ಲೈಟಿನ ಹಿಂದಿನ ಕಥೆ

ಚಂದಾಪುರದಲ್ಲಿ ಅಪ್ಪನ ಹಳೇ ಬೈಕಿಗೆ ಮಿಣುಕೋ ಎಲ್‌ಇಡಿ ಬ್ರೇಕ್ ಲೈಟ್ ಹಾಕಿಸಿದೆ. ಇದನ್ನ ಬರೀ ಹುಡುಗರ ಶೋಕಿ ಅನ್ನೋರಿಗೆ ಒಂದು ಹಳೇ ಕಥೆ.

ಮನಶ್ಶಾಸ್ತ್ರಜ್ಞ ಜಾನ್ ವೊವೊಡ್ಸ್ಕಿ ಸ್ಯಾನ್ ಫ್ರಾನ್ಸಿಸ್ಕೋದ 343 ಟ್ಯಾಕ್ಸಿಗಳ ಹಿಂದೆ ಇನ್ನೊಂದು ದೀಪ ಕೂರಿಸಿದ್ದರು. ಬ್ರೇಕ್ ಜೋರಾದಷ್ಟೂ ಅದು ಬೇಗ ಬೇಗ ಮಿಣುಕುತ್ತಿತ್ತು. 1974ರಲ್ಲಿ ಫಲಿತಾಂಶ ಪ್ರಕಟವಾಯಿತು: ಈ ದೀಪವಿಲ್ಲದ ಟ್ಯಾಕ್ಸಿಗಳಿಗಿಂತ ಹಿಂದಿನಿಂದ ಗುದ್ದಿಸಿಕೊಂಡದ್ದು ಶೇ. 60.6 ಕಡಿಮೆ! 1986ರ ಮಾಡೆಲ್‌ನಿಂದ ಅಮೆರಿಕದ ಕಾರುಗಳಿಗೆ ಮೂರನೇ ಬ್ರೇಕ್ ಲೈಟ್ ಕಡ್ಡಾಯವಾಯಿತು. ಆದರೆ ಮಿಣುಕೋದಲ್ಲ, ಒಂದೇ ಸಮ ಉರಿಯೋದು. (ಮುಖ್ಯವಾದದ್ದನ್ನೇ ಬಿಟ್ಟರು ಅಂತ ನನ್ನ ತಕರಾರು.)

ನನ್ನದೂ ಮೊದಲು ಮಿಣುಕಲೇ ಇಲ್ಲ. ಮೆಕ್ಯಾನಿಕ್ ಹಳೇ ಫ್ಲ್ಯಾಷರಿಗೇ ಜೋಡಿಸಿದ್ದ. ಅದು ಬಿಸಿಯಾಗಿ ಕೆಲಸ ಮಾಡೋಕೆ ಬಲ್ಬಿನಷ್ಟು ಕರೆಂಟು ಬೇಕು, ಎಲ್‌ಇಡಿ ಅಷ್ಟು ಎಳೆಯಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿದ ಮೇಲೆ ಸರಿಹೋಯ್ತು. ಚಿಂಚೋಳಿ ರಸ್ತೆಯ ಕತ್ತಲಲ್ಲಿ ಹಿಂದೆ ಬರೋ ಲಾರಿಯವನಿಗೆ ಈಗ ಅಪ್ಪ ಕಾಣಿಸ್ತಾರೆ.