ಕೊಡಗಿನ ಹಳೆಯ ಜೀಪು ಮತ್ತು ಅದರ ಸ್ಟಾರ್ಟರ್ ಸ್ವಿಚ್ಚು

ರೈಲುಮಾರ್ಗವಿಲ್ಲದ ಕೊಡಗಿನಲ್ಲಿ ಸಂಚಾರದ ಇತಿಹಾಸವು ಬಹುಮಟ್ಟಿಗೆ ರಸ್ತೆಯ ಇತಿಹಾಸವೇ. ಎರಡನೆಯ ಮಹಾಯುದ್ಧದ ಅನಂತರ ಇಲ್ಲಿನ ಕಾಫಿತೋಟಗಳ ಕಡಿದಾದ ದಾರಿಗಳಿಗೆ ಜೀಪು ಬಂದಿತು. ಅದರ ಪೂರ್ವರೂಪವಾದ ವಿಲ್ಲಿಸ್ ಎಂ.ಬಿ. 1941ರಿಂದ 1945ರವರೆಗೆ ಸೈನ್ಯಕ್ಕಾಗಿ ನಿರ್ಮಿತವಾದುದು.

ಎಂಜಿನನ್ನು ಕೈಯಿಂದ ತಿರುಗಿಸುವ ಶ್ರಮವನ್ನೂ, ಹಿಡಿಕೆ ಹಿಮ್ಮೆಟ್ಟಿ ಕೈಮುರಿಯುವ ಅಪಾಯವನ್ನೂ ನೀಗಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ವಿದ್ಯುತ್ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ವಿಲ್ಲಿಸ್ ಜೀಪಿನಲ್ಲಿ ಇದರ ಸ್ವಿಚ್ಚನ್ನು ಕಾಲಿನಿಂದ ಒತ್ತಬೇಕು. ತೆರೆದ ವಾಹನ, ಕೆಸರುಗಾಲು, ಮುಂಗಾರಿನ ತೇವ ಇವುಗಳ ದೆಸೆಯಿಂದ ಒಳಗಿನ ತಾಮ್ರದ ಬಿಲ್ಲೆಗಳು ಕಿಲುಬುಗಟ್ಟುವುದು ಸಹಜ. 150 ಆಂಪೇರ್ ವಿದ್ಯುತ್ತು ಹರಿಯುವಾಗ ಓಮಿನ ನೂರರಲ್ಲೊಂದು ಪಾಲಿನಷ್ಟು ತಡೆಯೂ 1.5 ವೋಲ್ಟನ್ನು ನುಂಗುತ್ತದೆ. ಬ್ಯಾಟರಿ 6 ವೋಲ್ಟಿನದು, ಆದುದರಿಂದ ಕಾಲುಭಾಗವೇ ನಷ್ಟ. ಮೋಟಾರು ನಿರ್ದೋಷವಾಗಿದ್ದರೂ ಎಂಜಿನು ತಿರುಗದಿರುವುದಕ್ಕೆ ಇದೇ ಕಾರಣವಾಗಬಹುದು.

ಬ್ಯಾಟರಿಯ ಸಂಪರ್ಕವನ್ನು ಮೊದಲು ಬಿಡಿಸಿ, ಸ್ವಿಚ್ಚು ಬಿಚ್ಚಬಹುದಾದುದಾದರೆ ಬಿಲ್ಲೆಗಳನ್ನು ನುಣುಪಾದ ಉಪ್ಪುಕಾಗದದಿಂದ ಉಜ್ಜಬೇಕು. ತೀರ ಸವೆದಿದ್ದರೆ ಅದೇ ಮಾದರಿಯ ಇನ್ನೊಂದನ್ನು ಜೋಡಿಸುವುದು ಯುಕ್ತ. ಬೀಗದ ಕೈಯಿಂದ ನಡೆಯುವ ಏರ್ಪಾಡು ಅನುಕೂಲವೆಂಬುದು ನಿಜ. ಆದರೆ ಹಳೆಯ ವಾಹನವೂ ಶಾಸನದಂತೆ ಒಂದು ಆಧಾರ. ಅಕ್ಷರ ಮಸುಳಿತೆಂದು ಶಾಸನವನ್ನು ಯಾರೂ ಹೊಸದಾಗಿ ಕೆತ್ತಿಸುವುದಿಲ್ಲ. ಕಾಲಿನ ಸ್ವಿಚ್ಚು ಹೋದರೆ, ಚಾಲಕನು ಯಂತ್ರವನ್ನು ನಡೆಸುತ್ತಿದ್ದ ರೀತಿಯ ಸಾಕ್ಷ್ಯವೂ ಹೋಗುತ್ತದೆ. ಬದಲಾವಣೆ ಅನಿವಾರ್ಯವಾದಲ್ಲಿ ಹಳೆಯ ಭಾಗವನ್ನು ಕಾಪಾಡಿ, ಬದಲಿಸಿದ ವರ್ಷವನ್ನು ಬರೆದಿಡತಕ್ಕದ್ದು.