ಹೇಗ್ ಕೋರ್ಟಿನ ಒಂದು ವರ್ಷ: 1952

ಬೆನಗಲ್ ನರಸಿಂಗ ರಾಯರು ಅಂದ್ರೆ ನಮಗೆಲ್ಲ ನೆನಪಾಗೋದು ಸಂವಿಧಾನ. ಮಂಗಳೂರಲ್ಲಿ ಹುಟ್ಟಿದವರು, ಸಂವಿಧಾನ ಸಭೆಯ ಸಲಹೆಗಾರರು, ಮೊದಲ ಕರಡು ಬರೆದವರು. ಆಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದರು ಅನ್ನೋದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತೆ. ಆ ಒಂದು ಸಾಲಿನೊಳಗೆ ಏನಿತ್ತು ಅಂತ ನೋಡಲು ಹೋದೆ. ರಾಯರಿಗಿಂತ ಹೆಚ್ಚಾಗಿ ಆ ಕೋರ್ಟಿನ 1952ನೇ ಇಸವಿಯೇ ನನ್ನನ್ನು ಹಿಡಿದು ಕೂರಿಸಿತು.

ಮೊದಲು ಕೋರ್ಟಿನ ವ್ಯವಸ್ಥೆ ಹೇಳಿಬಿಡ್ತೀನಿ. ಒಟ್ಟು 15 ನ್ಯಾಯಾಧೀಶರು, 9 ವರ್ಷದ ಅವಧಿ, 3 ವರ್ಷಕ್ಕೊಮ್ಮೆ 5 ಸ್ಥಾನಗಳಿಗೆ ಚುನಾವಣೆ. ವಿಶ್ವಸಂಸ್ಥೆಯ ಮಹಾಸಭೆ ಮತ್ತು ಭದ್ರತಾ ಮಂಡಳಿ ಬೇರೆ ಬೇರೆಯಾಗಿ ಮತ ಹಾಕಬೇಕು, ಎರಡೂ ಕಡೆ ಬಹುಮತ ಸಿಕ್ಕವರಷ್ಟೇ ಗೆದ್ದಂತೆ. ಖರ್ಚು ವಿಶ್ವಸಂಸ್ಥೆಯದ್ದು. ಕಟ್ಟಡ ಮಾತ್ರ ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರೂ ಕಾರ್ನೆಗಿ ಕೊಟ್ಟ ಹಣದಲ್ಲಿ ಎದ್ದು 1913ರಲ್ಲಿ ಬಾಗಿಲು ತೆರೆದ ಶಾಂತಿ ಅರಮನೆ. (ಮುಂದಿನ ವರ್ಷವೇ ಮಹಾಯುದ್ಧ!) ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಅಧಿಕೃತ ಭಾಷೆಗಳು. ಆ ಕಾಲದಲ್ಲಿ ಕಚೇರಿ ನಡೆಸುತ್ತಿದ್ದ ರಿಜಿಸ್ಟ್ರಾರ್ ನಾರ್ವೆಯ ಎಡ್ವರ್ಡ್ ಹಾಂಬ್ರೋ. ಪೊಲೀಸರಿಲ್ಲ, ಜೈಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ದೇಶವನ್ನೂ ಅದರ ಒಪ್ಪಿಗೆ ಇಲ್ಲದೆ ಕಟಕಟೆಗೆ ತರುವ ಹಾಗಿಲ್ಲ.

ರಾಯರು ಫೆಬ್ರವರಿ 1952ರಲ್ಲಿ ಸೇರಿದರು. ಅವರ ಜೊತೆಗೇ ಆಯ್ಕೆಯಾಗಿದ್ದ ಸೋವಿಯತ್ ನ್ಯಾಯಾಧೀಶ ಗೊಲುನ್‌ಸ್ಕಿ ಕಾಯಿಲೆಯಿಂದಾಗಿ ಪೀಠದಲ್ಲಿ ಕೂರಲೇ ಇಲ್ಲ, ಮುಂದಿನ ವರ್ಷ ರಾಜೀನಾಮೆ ಕೊಟ್ಟರು. ಆ ವರ್ಷ ಕೋರ್ಟು ಕೊಟ್ಟ ತೀರ್ಪುಗಳು ಎಷ್ಟು ಗೊತ್ತಾ? ಮೂರು! ನಮ್ಮ ತಾಲ್ಲೂಕು ಕೋರ್ಟಿನ ಗುಮಾಸ್ತರು ಕೇಳಿದರೆ ನಕ್ಕಾರು. ಆದರೆ ಆ ಮೂರರಲ್ಲಿ ಒಂದರ ಮೇಲೆ ಇಡೀ ಜಗತ್ತಿನ ಕಣ್ಣಿತ್ತು.

ಅದು ಇರಾನಿನ ಎಣ್ಣೆಯ ಕೇಸು. 1951ರಲ್ಲಿ ಇರಾನ್ ತನ್ನ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಣ ಮಾಡಿತು. ಆಂಗ್ಲೋ-ಇರಾನಿಯನ್ ಕಂಪನಿಯ ಪರವಾಗಿ ಬ್ರಿಟನ್ ಹೇಗ್‌ಗೆ ಓಡಿತು. ಜುಲೈ 5, 1951ರಂದು ಕೋರ್ಟು ಒಂದು ಮಧ್ಯಂತರ ಆದೇಶ ಕೊಟ್ಟಿತು. ಇರಾನ್ ಅದಕ್ಕೆ ಸೊಪ್ಪು ಹಾಕಲಿಲ್ಲ. ಬ್ರಿಟನ್ ಭದ್ರತಾ ಮಂಡಳಿಗೆ ದೂರು ಒಯ್ದಿತು. ಕೋರ್ಟು ಮೊದಲು ತನ್ನ ಅಧಿಕಾರವನ್ನು ತೀರ್ಮಾನಿಸಲಿ ಅಂತ ಮಂಡಳಿ ಚರ್ಚೆಯನ್ನು ಮುಂದಕ್ಕೆ ಹಾಕಿತು. ಆಗ ಮಂಡಳಿಯಲ್ಲಿ ಭಾರತದ ಪರವಾಗಿ ಕೂತಿದ್ದವರು ಇದೇ ನರಸಿಂಗ ರಾಯರು.

ಜೂನ್ 1952ರಲ್ಲಿ ವಿಚಾರಣೆ. ಪ್ರಧಾನಿ ಮೊಸಾದೆಗ್ ಸ್ವತಃ ಹೇಗ್‌ಗೆ ಬಂದು ಮಾತಾಡಿದರು. ಕಾನೂನಿನ ವಾದ ಮಾಡಿದ್ದು ಬೆಲ್ಜಿಯಂನ ಹೆನ್ರಿ ರೋಲಿನ್. ಪ್ರಶ್ನೆ ಒಂದೇ: ಈ ಕೇಸನ್ನು ಕೇಳುವ ಅಧಿಕಾರ ಕೋರ್ಟಿಗೆ ಇದೆಯಾ? ಇರಾನ್ ಕೋರ್ಟಿನ ಅಧಿಕಾರವನ್ನು ಒಪ್ಪಿದ್ದು 1932ರಲ್ಲಿ, ಅದೂ ಆಮೇಲೆ ತಾನು ಮಾಡಿಕೊಳ್ಳುವ ದೇಶ-ದೇಶಗಳ ಒಪ್ಪಂದಗಳ ಬಗ್ಗೆ ಮಾತ್ರ. 1933ರಲ್ಲಿ ಕಂಪನಿಗೆ ಎಣ್ಣೆ ತೆಗೆಯಲು ಕೊಟ್ಟ ಪರವಾನಗಿಯೂ ಒಂದು ಒಪ್ಪಂದವೇ ಅಂತ ಬ್ರಿಟನ್ ವಾದ. ಅಲ್ಲ, ಅದು ಒಂದು ಸರ್ಕಾರ ಮತ್ತು ಒಂದು ಕಂಪನಿ ನಡುವಿನ ಕರಾರು, ಬ್ರಿಟನ್ ಅದರಲ್ಲಿ ಪಾಲುದಾರನೇ ಅಲ್ಲ ಅಂದಿತು ಕೋರ್ಟು. ಜುಲೈ 22, 1952. ಒಂಬತ್ತಕ್ಕೆ ಐದು. ಹಿಂದಿನ ದಿನವಷ್ಟೇ ಟೆಹರಾನಿನ ಬೀದಿಗಳಲ್ಲಿ ಜನ ದಂಗೆ ಎದ್ದು, ರಾಜೀನಾಮೆ ಕೊಟ್ಟಿದ್ದ ಮೊಸಾದೆಗ್ ಮತ್ತೆ ಪ್ರಧಾನಿಯಾಗುವ ಹಾಗೆ ಮಾಡಿದ್ದರು.

ನಾನು ಇಷ್ಟು ಬರೆಯೋಕೆ ಕಾರಣ ತೀರ್ಪಲ್ಲ, ಪೀಠ. ಆಗ ಕೋರ್ಟಿನ ಅಧ್ಯಕ್ಷರು ಬ್ರಿಟನ್ನಿನ ಆರ್ನಾಲ್ಡ್ ಮೆಕ್‌ನೇರ್. ತನ್ನ ದೇಶದ ಕೇಸು ಅನ್ನೋ ಕಾರಣಕ್ಕೆ ಅವರು ಅಧ್ಯಕ್ಷರ ಜವಾಬ್ದಾರಿಯನ್ನು ಉಪಾಧ್ಯಕ್ಷ ಗೆರೇರೋ ಅವರಿಗೆ ಬಿಟ್ಟುಕೊಟ್ಟು, ಬರೀ ನ್ಯಾಯಾಧೀಶರಾಗಿ ಕೂತರು. ಆಮೇಲೆ ಬ್ರಿಟನ್ನಿನ ವಿರುದ್ಧ ಮತ ಹಾಕಿದರು! ಅಮೆರಿಕದ ಹ್ಯಾಕ್‌ವರ್ತ್ ಬ್ರಿಟನ್ ಪರ, ಬ್ರಿಟನ್ನಿನವರೇ ವಿರುದ್ಧ. ಇನ್ನು ರಾಯರು? ಪೀಠದಲ್ಲೇ ಇರಲಿಲ್ಲ. ಭದ್ರತಾ ಮಂಡಳಿಯಲ್ಲಿ ಇದೇ ಜಗಳದಲ್ಲಿ ಭಾರತದ ಪ್ರತಿನಿಧಿಯಾಗಿದ್ದೆ, ಆದ್ದರಿಂದ ಕೂರುವುದು ಸರಿಯಲ್ಲ ಅಂತ ಹಿಂದೆ ಸರಿದಿದ್ದರು. ಹೊಸದಾಗಿ ಬಂದವರು, ವರ್ಷದ ಅತಿ ದೊಡ್ಡ ಕೇಸು... ಬಿಟ್ಟುಕೊಡೋದು ಸುಲಭ ಇರಲಿಕ್ಕಿಲ್ಲ ಅಲ್ವಾ?

ಹಾಗಂತ ಮೆಕ್‌ನೇರ್ ಅವರನ್ನು ದೇವರು ಮಾಡೋದು ಬೇಡ. ಮೂರು ವಾರ ಹಿಂದೆ, ಜುಲೈ 1ರಂದು, ಗ್ರೀಸಿನ ಹಡಗು ಮಾಲೀಕ ಅಂಬಾಟಿಯೆಲೋಸ್ ಪರವಾಗಿ ಗ್ರೀಸ್ ತಂದಿದ್ದ ಕೇಸಿನಲ್ಲಿ ಬಹುಮತ ಬ್ರಿಟನ್ನಿನ ಆಕ್ಷೇಪವನ್ನು ಪೂರ್ತಿ ಒಪ್ಪದಿದ್ದಾಗ ಇದೇ ಮೆಕ್‌ನೇರ್ ಭಿನ್ನಮತ ಬರೆದಿದ್ದರು. ನನಗೆ ಅದರಿಂದ ಅವರ ಮೇಲೆ ಗೌರವ ಕಮ್ಮಿಯಾಗಲಿಲ್ಲ. ಎರಡೂ ಸಲ ಅವರು ಕೋರ್ಟಿನ ಅಧಿಕಾರವನ್ನು ಬಿಗಿಯಾಗಿಯೇ ಹಿಡಿದಿದ್ದಾರೆ, ಅಷ್ಟೇ.

ಮೂರನೆಯದು ಆಗಸ್ಟ್ 27ರ ತೀರ್ಪು. ಮೊರಾಕ್ಕೋದ ಫ್ರೆಂಚ್ ವಲಯದಲ್ಲಿ ಅಮೆರಿಕನ್ನರ ಹಕ್ಕುಗಳ ಬಗ್ಗೆ ಫ್ರಾನ್ಸ್ ಹೂಡಿದ್ದ ದಾವೆ. ಅಲ್ಲಿ ತನ್ನ ಪ್ರಜೆಗಳನ್ನು ತನ್ನ ರಾಯಭಾರ ಅಧಿಕಾರಿಯೇ ವಿಚಾರಣೆ ಮಾಡಬೇಕು ಅಂತ ಅಮೆರಿಕದ ಹಠ. ಬಹುಮತ ಆ ಹಕ್ಕಿನ ವ್ಯಾಪ್ತಿಯನ್ನು ಕತ್ತರಿಸಿತು. ರಾಯರು ಹ್ಯಾಕ್‌ವರ್ತ್, ಬದಾವಿ, ಲೆವಿ ಕಾರ್ನೇರೋ ಜೊತೆ ಸೇರಿ ಜಂಟಿ ಭಿನ್ನಮತ ಬರೆದರು. ಬ್ರಿಟಿಷರ ಆಳ್ವಿಕೆಯಲ್ಲಿ ಬದುಕಿದ್ದ ಭಾರತೀಯ ಇಂಥ ಹಕ್ಕಿನ ಪರ ನಿಂತದ್ದು ನನಗೆ ಸ್ವಲ್ಪ ಕಸಿವಿಸಿ ಮಾಡಿತು.

ಇರಾನ್ ಗೆದ್ದ ಕೇಸು ಹೆಚ್ಚು ದಿನ ಅದನ್ನು ಕಾಯಲಿಲ್ಲ. ಆಗಸ್ಟ್ 1953ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಗೂಢಚಾರ ಸಂಸ್ಥೆಗಳು ಸೇರಿ ಮೊಸಾದೆಗ್‌ರನ್ನು ಕೆಳಗಿಳಿಸಿದವು. ಅದೇ ವರ್ಷ ನವೆಂಬರ್ 30ರಂದು ರಾಯರು ಜ್ಯೂರಿಕ್‌ನಲ್ಲಿ ತೀರಿಕೊಂಡರು, ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಅವರ ಸ್ಥಾನಕ್ಕೆ 1954ರಲ್ಲಿ ಆಯ್ಕೆಯಾದವರು ಪಾಕಿಸ್ತಾನದ ಜಫ್ರುಲ್ಲಾ ಖಾನ್. ಭಾರತದವರೊಬ್ಬರು ಆ ಕೋರ್ಟಿಗೆ ಮತ್ತೆ ಚುನಾಯಿತ ನ್ಯಾಯಾಧೀಶರಾಗಿ ಹೋಗಿದ್ದು 1973ರಲ್ಲಿ, ನಾಗೇಂದ್ರ ಸಿಂಗ್.