ಬಸ್ಸಿನ ಬೆನ್ನಿನ ಏಣಿ

ಅರಸರ ಆಳಿಕೆ, ಕೋಟೆಗಳ ಏಳುಬೀಳು, ಶಾಸನಗಳ ಸಾಲು, ಇವುಗಳಿಂದ ನಾವು ಒಂದು ಸೀಮೆಯ ಇತಿಹಾಸವನ್ನು ಕಟ್ಟುತ್ತೇವೆ. ಅದು ಸರಿಯೇ. ಆದರೆ ಜನರು ದಿನವೂ ಕೈಯಿಂದ ಮುಟ್ಟಿದ, ಕಾಲಿನಿಂದ ಮೆಟ್ಟಿದ ವಸ್ತುಗಳಿಗೂ ಒಂದು ಚರಿತ್ರೆಯಿದೆ; ಅದನ್ನು ಬರೆದಿಟ್ಟವರು ಕಡಿಮೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮಟ್ಟಿಗೆ ಅಂಥ ವಸ್ತುಗಳಲ್ಲೊಂದು ಏಣಿ.

ಏಣಿ ಎಂಬುದು ಅಚ್ಚ ದ್ರಾವಿಡ ಪದ. ತಮಿಳು ಮಲಯಾಳಗಳಲ್ಲಿಯೂ ಅದು ಹಾಗೆಯೇ ಇದೆ. ನಮ್ಮ ಹಳ್ಳಿಗರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ನಿಚ್ಚಣಿಕೆಯಾದರೋ ಸಂಸ್ಕೃತದ ನಿಃಶ್ರೇಣಿಯಿಂದ ಇಳಿದು ಬಂದದ್ದು. ಈ ಎರಿಮಣ್ಣಿನ ನಾಡಿನಲ್ಲಿ ಮನೆಗಳಿಗೆ ಹೆಂಚಿನ ಇಳಿಜಾರಿಲ್ಲ; ಮಟ್ಟಸವಾದ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುನ್ನ ಅದರ ಮೇಲೆ ಹೊಸ ಮಣ್ಣು ಹಾಕಿ ಬಡಿಯಬೇಕು, ಬೆಳೆದ ಹುಲ್ಲು ಕೀಳಬೇಕು, ಬೆಳಕಿಂಡಿಗೆ ಮುಚ್ಚಳ ಹಾಕಬೇಕು. ಬೇಸಗೆಯಲ್ಲಿ ಶಾವಿಗೆ, ಹಪ್ಪಳ, ಮೆಣಸಿನಕಾಯಿ ಒಣಗುವುದೂ ಅಲ್ಲಿಯೇ, ಮನೆಯವರು ಮಲಗುವುದೂ ಅಲ್ಲಿಯೇ. ಆದ್ದರಿಂದ ನಿಚ್ಚಣಿಕೆಯಿಲ್ಲದ ಮನೆಯಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು: ಅದನ್ನು ಗೋಡೆಗೆ ಜಡಿಯುತ್ತಿರಲಿಲ್ಲ. ಕೆಲಸವಾದ ಮೇಲೆ ಒಳಗೆ ಅಡ್ಡ ಮಲಗಿಸಿಡುತ್ತಿದ್ದರು. ಹೊರಗೆ ನಿಂತ ಏಣಿ ಕಳ್ಳನಿಗೂ ಏಣಿಯೇ ಎಂಬುದು ಮನೆಯ ಯಜಮಾನತಿಗೆ ತಿಳಿದಿತ್ತು.

ಕೋಟೆ ಕಟ್ಟಿದವರೂ ಇದನ್ನು ಬಲ್ಲವರೇ. ಕಿತ್ತೂರಿನ ಕೋಟೆಗೆ ಕಂದಕ ತೋಡಿದ್ದು ಹಗೆಯ ಏಣಿ ಗೋಡೆಗೆ ಒರಗದಿರಲೆಂದು. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಕೋಟೆಯ ಮುಂದೆಯೇ ಬಿದ್ದ. ಅದೇ ವರ್ಷ ಡಿಸೆಂಬರಿನಲ್ಲಿ ಕೋಟೆ ಸೋತದ್ದು ತೋಪುಗಳಿಗೆ. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಇಂದಿಗೂ ಅಲ್ಲಿದೆ. ತೋಪಿನ ಕಾಲ ಬಂದ ಮೇಲೆ ಯುದ್ಧದಲ್ಲಿ ಏಣಿಗೆ ಬೆಲೆಯುಳಿಯಲಿಲ್ಲ. ಮನೆಯಲ್ಲಿ ಉಳಿಯಿತು, ಮುಂದೆ ನೂರಿಪ್ಪತ್ತು ವರ್ಷಗಳ ತರುವಾಯ ರಸ್ತೆಗೆ ಬಂದಿತು.

ಧಾರವಾಡದಿಂದ ಲೋಂಡಾ ಹಾಯ್ದು ಬೆಳಗಾವಿಗೆ ಹೋದ ರೈಲು ಈ ನಾಲ್ಕೂ ಊರುಗಳನ್ನು ಬದಿಗೆ ಬಿಟ್ಟು ಹೋಯಿತು. ಇಲ್ಲಿಯ ಹತ್ತಿ, ಜೋಳ, ಬೀಗರು, ಭಕ್ತರು ಎಲ್ಲರಿಗೂ ಚಕ್ಕಡಿಯೇ ಗತಿ, ಆಮೇಲೆ ಬಸ್ಸು. ರಾಮದುರ್ಗ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಸೇರಿದ್ದು 1948ರಲ್ಲಿ. ಆ ಪ್ರಾಂತದ ಸರಕಾರಿ ಬಸ್ಸುಗಳು ಹೊರಟದ್ದೂ ಅದೇ ವರ್ಷ. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು. 1961ರಲ್ಲಿ ಮೈಸೂರು ರಾಜ್ಯದ ಸಾರಿಗೆ ಸಂಸ್ಥೆ ಹುಟ್ಟಿತು. 1973ರಲ್ಲಿ ರಾಜ್ಯದೊಡನೆ ಅದರ ಹೆಸರೂ ಕರ್ನಾಟಕವಾಯಿತು. 1997ರಲ್ಲಿ ವಾಯವ್ಯ ಸಂಸ್ಥೆ ಬೇರೆಯಾಯಿತು. ಹೆಸರುಗಳು ಬದಲಾದವು. ಬಸ್ಸಿನ ಬೆನ್ನಿಗೆ ಜಡಿದ ಕಬ್ಬಿಣದ ಏಣಿ ಮಾತ್ರ ಬಹುಕಾಲ ಬದಲಾಗಲಿಲ್ಲ.

ಅದರ ಮೂಲಕ ಏನೇನು ಮೇಲೇರುತ್ತಿತ್ತು! ಗೊಬ್ಬರದ ಚೀಲ, ಕಾಯಿಪಲ್ಲೆಯ ಬುಟ್ಟಿ, ಸೈಕಲ್ಲು, ಕೋಳಿಯ ಪಂಜರ, ಗಂಡನ ಮನೆಗೆ ಹೊರಟ ಮಗಳ ಟ್ರಂಕು. ಹಮಾಲ ಒಂದು ಕೈಯಲ್ಲಿ ಏಣಿ ಹಿಡಿದು, ತಲೆಯ ಮೇಲಿನ ಮೂಟೆಯನ್ನು ಅಲುಗದಂತೆ ಒಯ್ಯುತ್ತಿದ್ದ ಚಂದವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಎಲ್ಲಮ್ಮನ ಗುಡ್ಡದ ಯಾತ್ರಿಕರು ಒಲೆಯ ಕಲ್ಲೊಂದನ್ನು ಬಿಟ್ಟು ಅಡಿಗೆಮನೆಯನ್ನೆಲ್ಲ ಮೇಲೇರಿಸುತ್ತಿದ್ದರು. ಜೋಗತಿಯರು ತಮ್ಮ ಜಗವನ್ನು ಮಾತ್ರ ಮೇಲೆ ಕಳಿಸುತ್ತಿರಲಿಲ್ಲ, ಮಡಿಲಲ್ಲಿಟ್ಟುಕೊಂಡೇ ಕೂರುತ್ತಿದ್ದರು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಸಾಮಾನಿನೊಡನೆ ಜನರೂ ಮೇಲೇರಿದರು. ಗುಡ್ಡದ ತಿರುವಿನಲ್ಲಿ ಮೇಲ್ಭಾರದ ಬಸ್ಸು ಹೊರಳುವ ಭಯ, ಬೇವಿನ ಕೊಂಬೆಯ ಭಯ, ಜೋತುಬಿದ್ದ ವಿದ್ಯುತ್ ತಂತಿಯ ಭಯ. 1988ರ ಮೋಟಾರು ವಾಹನ ಕಾಯಿದೆ ತನ್ನ 123ನೆಯ ಕಲಮಿನಲ್ಲಿ ವಾಹನದ ಮೇಲ್ಭಾಗದಲ್ಲಿ ಪಯಣಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿತು. ಆದರೆ ಏಣಿ ಅಲ್ಲಿಯೇ ಇರುವ ತನಕ ಕಲಮಿನ ಮಾತು ಎಷ್ಟು ಜನರ ಕಿವಿಗೆ ಬಿದ್ದೀತು?

ಈಚೆಗೆ ಬರುವ ಹೊಸ ಬಸ್ಸುಗಳಲ್ಲಿ ಬಹುಮಟ್ಟಿಗೆ ಏಣಿಯೂ ಇಲ್ಲ, ಮೇಲಿನ ಕಟಕಟೆಯೂ ಇಲ್ಲ. ಜೀವ ಉಳಿಸುವ ದೃಷ್ಟಿಯಿಂದ ಇದು ಯೋಗ್ಯವೇ. ಆದರೆ ಏಣಿ ತೆಗೆದವರು ಅದು ಹೊರುತ್ತಿದ್ದ ಹೊರೆಯ ವಿಚಾರವನ್ನೂ ಮಾಡಬೇಕಿತ್ತು. 2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ. ಸಂತೆಗೆ ಹೊರಟವಳಿಗೆ ನಿಲ್ಲಲು ಜಾಗ ಸಿಕ್ಕೀತು. ಆಕೆಯ ಬದನೆಕಾಯಿ ಬುಟ್ಟಿಗೆ ಎಲ್ಲಿ? ಬುಟ್ಟಿಗಾಗಿ ಆಕೆ ಖಾಸಗಿ ಟೆಂಪೋಕ್ಕೆ ಹಣ ತೆರಬೇಕು. ಮೈ ಪುಕ್ಕಟೆಯಾಗಿ ಹೋಗುತ್ತದೆ. ಹೊಟ್ಟೆಪಾಡು ಬಾಡಿಗೆ ಕೊಟ್ಟು ಹಿಂದಿನಿಂದ ಬರುತ್ತದೆ.

ಬಸ್ಸು ಬಿಟ್ಟ ಆ ಕೆಲಸವನ್ನು ಇಂದು ಮಾಡುತ್ತಿರುವುದು ಕ್ರೂಸರ್ ಗಾಡಿಗಳು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಲಹೊಂಗಲದ ಕಡೆ ಅಂಥದೊಂದನ್ನು ನಡೆಸುತ್ತಾನೆ. ಕಳೆದ ವರ್ಷ ಗಾಡಿಗೆ ಬಣ್ಣ ಹೊಡೆಸುವಾಗ ನನ್ನಲ್ಲಿಗೆ ಬಂದು, “ಸರ್, ಹಿಂದಿನ ಏಣಿ ಇಡ್ಲ್ಯೋ, ತಗಸ್ಲ್ಯೋ? ಇಟ್ರ ಜಾತ್ರಿಯೊಳಗ ಹುಡುಗ್ರು ಹತ್ತತಾರ. ತಗದ್ರ ಸಾಮಾನು ಹೆಂಗ ಏರಸೂದ್ರಿ?” ಎಂದು ಕೇಳಿದ. ಕಾವ್ಯಮೀಮಾಂಸೆ ಕಲಿಸಿದವನಿಗೆ ಕೇಳತಕ್ಕ ಪ್ರಶ್ನೆ ಇದಲ್ಲವೆಂದು ಮೊದಲು ನಕ್ಕೆ. ಆಮೇಲೆ ವಿಚಾರ ಮಾಡಿದಾಗ, ಉತ್ತರವು ನಮ್ಮ ಹಿರಿಯರ ಮನೆಗಳಲ್ಲಿಯೇ ಇದೆಯೆಂದು ತೋರಿತು. ದೋಷವಿದ್ದದ್ದು ಏಣಿಯಲ್ಲಲ್ಲ, ಅದನ್ನು ಜಡಿದು ನಿಲ್ಲಿಸಿದ್ದರಲ್ಲಿ. ಮಾಳಿಗೆಯ ಏಣಿ ಮನೆಯವರ ಅಂಕೆಯಲ್ಲಿತ್ತು. ಬಸ್ಸಿನ ಏಣಿ ಹತ್ತಬಲ್ಲ ಯಾರಿಗಾದರೂ ಸೇರಿದ್ದಾಯಿತು. ಕೊಕ್ಕೆಗೆ ಸಿಕ್ಕಿಸಿ ಬಿಚ್ಚಿಡುವಂಥ ಏಣಿ ಮಾಡಿಸು, ಗಾಡಿ ಹೊರಡುವಾಗ ಒಳಗಿಡು, ಮೇಲೆ ಹಗುರವಾದ ಸಾಮಾನನ್ನಷ್ಟೇ ಕಟ್ಟು ಎಂದೆ. ಹಾಗೆಯೇ ಮಾಡಿಸಿದ್ದಾನೆ. ಬಿಚ್ಚುವುದು, ಹಾಕುವುದು ತುಸು ತೊಡಕಿನ ಕೆಲಸವೆಂದು ಆಗಾಗ ಗೊಣಗುತ್ತಾನೆ. ಆದರೆ ಕಳೆದ ಭರತ ಹುಣ್ಣಿಮೆಯಲ್ಲಿ ಅವನ ಗಾಡಿಯ ಮೇಲೆ ಒಬ್ಬನೂ ಹತ್ತಲಿಲ್ಲವಂತೆ.

ಖಾಸಗಿ ಗಾಡಿಯ ಮಾತು ಹೀಗೆ ಬಗೆಹರಿಯಿತು. ಸರಕಾರಿ ಬಸ್ಸಿನದು ಇನ್ನೂ ಬಗೆಹರಿಯಬೇಕಾಗಿದೆ. ಮೇಲಿನ ಕಟಕಟೆ ಮರಳಿ ಬರಲೆಂದು ನಾನು ಹೇಳಲಾರೆ. ಸಂತೆಯ ದಿನ ಸಂತೆಯ ದಾರಿಯ ಬಸ್ಸುಗಳಲ್ಲಿ ಹಿಂದಿನ ನಾಲ್ಕಾರು ಆಸನ ತೆಗೆದು ಬುಟ್ಟಿಗಳಿಗೆ ಜಾಗ ಮಾಡಿದರೆ ಸಾಕು. ಬುಟ್ಟಿಯೂ ಅದರ ಒಡತಿಯೂ ಒಂದೇ ಬಸ್ಸಿನಲ್ಲಿ ಊರು ಮುಟ್ಟಿಯಾರು.